ನೆರಳಿನ ನಕ್ಷೆ

ಆ ಕಡಲ ತಡಿಯ ನಗರದ ಮೇಲೆ ಸೂರ್ಯನಿಗೆ ಅದೆಂಥ ವ್ಯಾಮೋಹವೋ! ಬೇರೆ ಊರುಗಳಿಗೆ ಅವನು ಕಚೇರಿಯ ಗುಮಾಸ್ತನಂತೆ ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ಹೊರಟುಹೋಗುತ್ತಾನೆ. ಅಲ್ಲಿಗೆ ಮಾತ್ರ ಅಕ್ಕರೆಯ ಸೋದರಮಾವನಂತೆ ಬರುತ್ತಾನೆ. ಕೋಣೆಕೋಣೆಯನ್ನೂ ಹೊಕ್ಕು, ಕಂಡಕಂಡವರ ಕೆನ್ನೆ ಸವರಿ, ಹೊರಡುವ ಗಳಿಗೆಯಲ್ಲೂ ಹೊಸ್ತಿಲ ಮೇಲೆ ನಿಂತು ಇನ್ನೊಂದು ಮಾತು, ಮತ್ತೊಂದು ಮಾತು ಎಂದು ಕಾಲಹರಣ ಮಾಡುತ್ತಾನೆ... ಸುಣ್ಣ ಬಳಿದ ಗೋಡೆಗಳ ಮೇಲೆ ಅವನ ಕಿರಣಗಳು ಕ್ಷೀರಧಾರೆಯಾಗಿ ಇಳಿಯುತ್ತವೆ. ಬೀದಿಬೀದಿಯ ತುದಿಯಲ್ಲೂ, ಯಾರೋ ಮುಚ್ಚಲು ಮರೆತ ಕಿಟಕಿಯಂತೆ, ನೀಲಜಲದ ಒಂದು ತುಣುಕು ಥಳಥಳಿಸುತ್ತದೆ. ಒಣಗಲು ಹರವಿದ ಬಲೆಗಳ ಕಣ್ಣುಕಣ್ಣಿನಲ್ಲೂ ಒಂದೊಂದು ಹನಿ, ಹನಿಹನಿಯಲ್ಲೂ ಒಬ್ಬೊಬ್ಬ ಪುಟ್ಟ ಸೂರ್ಯ! ಸಾಯಂಕಾಲವಾದರೆ ಇಡೀ ಜಲರಾಶಿ ಸುವರ್ಣದ್ರವವಾಗಿ, ದಡದಲ್ಲಿ ನಿಂತವರ ಮುಖಗಳೆಲ್ಲ ಒಳಗಿನಿಂದ ದೀಪ ಹಚ್ಚಿಟ್ಟಂತೆ ಬೆಳಗುತ್ತವೆ...

ಸಹೃದಯ ಓದುಗರೇ, ಮನಸ್ಸಿನಲ್ಲಿ ಇಷ್ಟೆಲ್ಲವನ್ನೂ ಹೊತ್ತು ತಿರುಗುತ್ತಿದ್ದ ನಮ್ಮ ನಕ್ಷೆಗಾರ ಆ ನಗರವನ್ನು ಒಮ್ಮೆಯೂ ಕಂಡವನಲ್ಲ. ಆ ನಗರವೇಕೆ, ನಲವತ್ತಾರು ವರ್ಷಗಳ ಬಾಳಿನಲ್ಲಿ ಸಮುದ್ರವನ್ನೇ ಕಂಡವನಲ್ಲ! ಅವನಿಗೆ ಗೊತ್ತಿದ್ದುದೆಲ್ಲ ಹೆಂಡತಿಯ ಬಾಯಿಂದ ಕೇಳಿದ್ದು. ಮದುವೆಗೆ ಮುಂಚೆ, ಶಾಲೆಯಲ್ಲಿ ಆಟೋಟಗಳ ಶಿಕ್ಷಕಿಯಾಗಿದ್ದಾಗ, ಅವಳು ಹುಡುಗಿಯರ ತಂಡವೊಂದನ್ನು ಪಂದ್ಯಕ್ಕೆಂದು ಅಲ್ಲಿಗೆ ಕರೆದೊಯ್ದಿದ್ದಳು. ಪಂದ್ಯದಲ್ಲಿ ಸೋತು ಸೊರಗಿದ ಹುಡುಗಿಯರನ್ನು ಸಂಜೆ ಸಮುದ್ರದಂಡೆಗೆ ಸಾಗಿಸಿ, ತಾನೇ ಮೊದಲು ಬೂಟುಗಾಲಿನಲ್ಲಿ ಅಲೆಗಳಿಗೆ ನುಗ್ಗಿದ ಕಥೆಯನ್ನು ಅವಳು ಎಷ್ಟು ಸಲ ಹೇಳಿದರೂ ಅವನಿಗೆ ಸಾಲದು.

ಆದರೆ ಆ ಕಥೆ ನಿಂತು ನಾಲ್ಕು ವರ್ಷವಾಗಿತ್ತು. ಅವಳ ಚರ್ಮಕ್ಕೆ ವಿಚಿತ್ರವಾದ ಬೇನೆಯೊಂದು ತಗುಲಿತ್ತು. ಬಿಸಿಲು ಬಿದ್ದಲ್ಲೆಲ್ಲ ಕೆಂಡ ತಾಕಿದಂತೆ ಬೊಬ್ಬೆ, ಹಿಂದೆಯೇ ಜ್ವರ. “ಬೆಳಗ್ಗೆಯದೇ ಇರಲಿ, ಸಂಜೆಯದೇ ಇರಲಿ, ನೇರ ಬಿಸಿಲು ಮೈಮೇಲೆ ಬೀಳಬಾರದು” ಎಂದಿದ್ದರು ವೈದ್ಯೆ. ಕೊರಳಲ್ಲಿ ಪೀಪಿ ತೂಗಿಸಿಕೊಂಡು, ಉರಿಬಿಸಿಲಿನ ಮೈದಾನವನ್ನು ತನ್ನ ತವರುಮನೆ ಎಂಬಂತೆ ಆಳುತ್ತಿದ್ದವಳು ಅದೇ ಶಾಲೆಯ ಪುಸ್ತಕಾಲಯದ ಮಬ್ಬು ಕೋಣೆಗೆ ವರ್ಗವಾದಳು. ಮುಂಗೈ ಮುಚ್ಚುವ ತೋಳು, ಬೆರಳು ಮುಚ್ಚುವ ಗವಸು, ಮೇಲೊಂದು ಕಪ್ಪು ಕೊಡೆ... ಮಳೆಯಿಲ್ಲದ ದಿನ ಕೊಡೆ ಹಿಡಿದು, ಗೋಡೆಯ ಮಗ್ಗುಲಲ್ಲೇ ನಡೆಯುವ ಹೆಂಗಸನ್ನು ಬೀದಿ ತಿರುತಿರುಗಿ ನೋಡಿತು. ಮೊದಮೊದಲು ಅವಳು ಆ ನೋಟಗಳನ್ನು ನಕ್ಕು ಒದರಿಬಿಟ್ಟಳು. ಕ್ರಮೇಣ ಶಾಲೆಗಲ್ಲದೆ ಹೊರಗೆ ಹೋಗುವುದನ್ನೇ ಬಿಟ್ಟಳು. ಹೊಸ ಸಿನಿಮಾ, ತಂಗಿಯ ಮನೆ, ಕೆರೆಯ ದಂಡೆ, ಯಾವುದಕ್ಕೆ ಕರೆದರೂ ಒಂದೇ ಉತ್ತರ: “ನೋಡೋಣ.” ನಮ್ಮ ಮಾತಿನಲ್ಲಿ ‘ನೋಡೋಣ’ ಎಂದರೆ ನೋಡುವುದಿಲ್ಲ ಎಂದೇ ಅರ್ಥವೆಂದು ಯಾರಿಗೆ ತಾನೆ ಗೊತ್ತಿಲ್ಲ!

ಮಾಗಿಯ ಒಂದು ಮಧ್ಯಾಹ್ನ, ಪರದೆಯ ಅಂಚಿನಿಂದ ನುಸುಳಿ ನೆಲದ ಮೇಲೆ ಬಿದ್ದ ಎಳೆಯಷ್ಟು ಬಿಸಿಲನ್ನು ನೋಡುತ್ತ ಅವಳು, ದೂರದ ನೆಂಟರ ಕ್ಷೇಮ ವಿಚಾರಿಸುವ ದನಿಯಲ್ಲಿ, “ಆ ಊರಲ್ಲಿ ಈಗ ಬಿಸಿಲು ಹೇಗಿರುತ್ತೋ...” ಎಂದಳು. ಅಷ್ಟೇ. ಆ ಅರ್ಧ ವಾಕ್ಯ ನಕ್ಷೆಗಾರನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಒಂದೇ ಒಂದು ಹಗಲು... ಮುಂದಿನ ತಿಂಗಳ ಮೊದಲ ಭಾನುವಾರ ಅವಳನ್ನು ಅಲ್ಲಿಗೆ ಕರೆದೊಯ್ದೇ ತೀರಬೇಕು!

ಅವನು ಸರ್ವೆ ಕಚೇರಿಯ ಮೂರನೆಯ ಅಂತಸ್ತಿನಲ್ಲಿ ಕುಳಿತು ಊರುಗಳ ನಕ್ಷೆ ಬರೆಯುವವನು. ನೀಳವಾಗಿ, ನೆಟ್ಟಗೆ, ಅಗಲವೆಂಬುದೇ ಇಲ್ಲದೆ ಬೆಳೆದವನಾದ್ದರಿಂದ ಕಚೇರಿಯಲ್ಲಿ ಅವನ ಹೆಸರು ಸ್ಕೇಲಪ್ಪ. ಸಂಕೋಚವೇ ಮೈವೆತ್ತಂಥ ಮನುಷ್ಯ. ಫೋಟೋ ತೆಗೆಯುವಾಗ ಕೊನೆಯ ಸಾಲಿನ ಕೊನೆಗೆ ನಿಂತು, ಅರ್ಧ ಮುಖ ಚಿತ್ರದಿಂದ ಹೊರಗುಳಿದರೆ ಅದೇ ಪುಣ್ಯವೆಂದು ತಿಳಿಯುವವನು. ಆ ಸಂಕೋಚವನ್ನೂ ನುಂಗಿಕೊಂಡು ಅವನು ಕಡತಗಳ ಕೋಣೆಗೆ ಹೋಗಿ, ಅಲ್ಲಿನ ಹಿರಿಯರಾದ ಕಡತರಾಯರ ಮುಂದೆ ನಿಂತ. ಆ ಕಡಲ ತಡಿಯ ನಗರದ ಬೀದಿಗಳ ಅಳತೆ, ಕಟ್ಟಡಗಳ ಎತ್ತರ ಎಲ್ಲವೂ ಬೇಕು ಎಂದ.

“ಏನಯ್ಯಾ ಸ್ಕೇಲಪ್ಪ, ಆ ಊರನ್ನೇ ಕೊಂಡ್ಕೋತೀಯೋ ಹೇಗೆ?”

“ಇಲ್ಲ ರಾಯರೇ, ಮನೆಯವಳ ಜೊತೆ ಒಂದು ದಿನ ಹೋಗಿ ಬರೋಣ ಅಂತ.”

“ಒಂದು ದಿನಕ್ಕೆ ಹನ್ನೊಂದು ನಕ್ಷೆ! ನಾನು ನನ್ನ ಮದುವೆಗೆ ಹೋದಾಗ ಹುಡುಗಿ ಮನೆ ಬೀದಿ ಯಾವುದು ಅಂತಾನೂ ಕೇಳಿರಲಿಲ್ಲವಲ್ಲೋ!” ಎಂದು ನಕ್ಕ ರಾಯರು ಧೂಳು ಕೊಡವಿ ಹನ್ನೊಂದನ್ನೂ ಕೊಟ್ಟರು.

ಹದಿನೆಂಟು ಸಂಜೆಗಳು! ಪಾರದರ್ಶಕ ಕಾಗದದ ಮೇಲೆ ಅವನು ಆ ನಗರವನ್ನು ಹೊಸದಾಗಿ ಬರೆದ. ಬೀದಿಗಳ ನಗರವಲ್ಲ, ನೆರಳುಗಳ ನಗರ. ಮಾಗಿಯ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ನೆರಳುಗಳು ಉತ್ತರಕ್ಕೆ ಚಾಚುತ್ತವೆ. ಹನ್ನೊಂದು ಗಂಟೆಗೆ ಅಂಚೆಕಚೇರಿಯ ನೆರಳು ಎಷ್ಟು ಅಡಿ, ಮೂರು ಗಂಟೆಗೆ ಸಂತೆಕಟ್ಟೆಯ ತಗಡು ಚಾವಣಿಯ ನೆರಳು ಯಾವ ಮಗ್ಗುಲಿಗೆ... ಎಲ್ಲವನ್ನೂ ಗುಣಿಸಿ, ನೀಲಿ ಪೆನ್ಸಿಲಿನಿಂದ ತುಂಬಿದ. ಆ ನೀಲಿಯೊಳಗೆ, ನೆರಳಿನಿಂದ ನೆರಳಿಗೆ ದಾಟುತ್ತ, ಎಲ್ಲೂ ಬಿಸಿಲು ಸೋಂಕದ ಒಂದು ಕೆಂಪು ಗೆರೆ. ಅದು ಅವಳು ನಡೆಯಬೇಕಾದ ದಾರಿ. ಯಾವ ಚಕ್ರವರ್ತಿ ತನ್ನ ರಾಣಿಗೆ ಇಂಥ ನೆಲಹಾಸನ್ನು ಹಾಸಿದ್ದಾನು!

ಆ ಭಾನುವಾರಕ್ಕೆ ಮೂರು ದಿನವಿರುವಾಗ, ಗುರುವಾರ ಸಂಜೆ, ಅವನು ಅದನ್ನು ಊಟದ ಮೇಜಿನ ಮೇಲೆ ಬಿಡಿಸಿಟ್ಟ. ಅವಳು ಕನ್ನಡಕ ಏರಿಸಿಕೊಂಡು ಬಾಗಿದಳು. ಮೊದಲು ಹುಬ್ಬು ಮೇಲೇರಿತು. ಇಷ್ಟೂ ತನಗಾಗಿಯೇ ಎಂಬುದು ತಿಳಿದು ಕಣ್ಣು ತೇವವಾಯಿತು. ಬೆರಳು ಕೆಂಪು ಗೆರೆಯ ಜೊತೆ ನಿಲ್ದಾಣದಿಂದ ಹೊರಟು, ಅಂಚೆಕಚೇರಿಯನ್ನು ದಾಟಿ, ಹಳೆಯ ಉಗ್ರಾಣವೊಂದರ ಪಡುವಣ ಗೋಡೆಗೆ ಬಂದು ನಿಂತಿತು.

“ಇಲ್ಲಿಂದ ಮುಂದೆ?”

“ಅಲ್ಲೊಂದು ಕಲ್ಲುಬೆಂಚಿದೆ. ಹನ್ನೊಂದೂಕಾಲಿಂದ ಮೂವತ್ತೈದು ನಿಮಿಷ ನೆರಳು ಸಿಗುತ್ತೆ. ಎದುರಿಗೇ ಸಮುದ್ರ.”

“ಎದುರಿಗೇ ಅಂದ್ರೆ?”

“ನೂರ ಎಂಬತ್ತು ಹೆಜ್ಜೆ... ಬರೀ ಮರಳು. ಗಿಡ ಇಲ್ಲ, ಗೋಡೆ ಇಲ್ಲ. ಏನು ಮಾಡಲಿ ಹೇಳು? ಕೊಡೆ ಹಿಡ್ಕೊಂಡು...”

“ಕೊಡೆ ಹಿಡ್ಕೊಂಡು ಸಮುದ್ರದ ಹತ್ರ ಹೋಗೋದೂ ಒಂದೇ, ಮುಸುಕು ಹಾಕ್ಕೊಂಡು ಕನ್ನಡಿ ನೋಡೋದೂ ಒಂದೇ. ಆ ಗಾಳಿಗೆ ಕೊಡೆ ನಿಲ್ಲುತ್ತೇನ್ರೀ?” ಅವಳು ಕನ್ನಡಕ ತೆಗೆದಳು. ದನಿ ಮೃದುವಾಗಿಯೇ ಇತ್ತು. ಅದೇ ಅವನನ್ನು ಹೆಚ್ಚು ಇರಿಯಿತು. “ಇಡೀ ದಿನ ಗೋಡೆ ಬುಡದಲ್ಲಿ ನಡೆಯೋದು, ಬೆಂಚಿನ ಮೇಲೆ ಕೂತು ದೂರದಿಂದ ನೋಡೋದು. ಅದನ್ನ ನಾನು ಇಲ್ಲೇ ಮಾಡ್ತಿದೀನಲ್ಲ. ನಾಲ್ಕು ವರ್ಷದಿಂದ ನೀವು ನನ್ನ ಕಾಯ್ತಾನೇ ಇದೀರಿ. ನನ್ನ ಜೊತೆ ನಡೆದಿದ್ದು ಯಾವತ್ತು?”

ಅವನು ನಕ್ಷೆಯ ಮಡಿಸಿಕೊಂಡಿದ್ದ ಮೂಲೆಯನ್ನು ಬೆರಳಿನಿಂದ ಸಮ ಮಾಡಿದ.

“ನೋಡೋಣ ಬಿಡಿ” ಎಂದು ಅವಳು ನಕ್ಷೆಯನ್ನು, ಮಡಿಕೆ ಕೆಡದಂತೆ, ಬಹು ಜೋಪಾನವಾಗಿ ಮಡಿಸಿಟ್ಟಳು.

ಅಯ್ಯೋ, ಪ್ರೇಮದ ವಿಪರ್ಯಾಸವೇ! ಹದಿನೆಂಟು ಸಂಜೆ ಅವನು ಸೂರ್ಯನ ಚಲನೆಯನ್ನು ಗುಣಿಸಿದ್ದ, ಕಟ್ಟಡಗಳ ಎತ್ತರವನ್ನು ಭಾಗಿಸಿದ್ದ. ಅವಳು ಏನನ್ನು ನೋಡಲು ಹೊರಟಿದ್ದಾಳೆ ಎಂಬುದೊಂದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿರಲಿಲ್ಲ!

ಮರುದಿನ ಕಚೇರಿ ಬಿಟ್ಟಾಗ ಹೊತ್ತು ಇಳಿಯುತ್ತಿತ್ತು. ಪಡುವಣಕ್ಕೆ ಸಾಗುವ ಬೀದಿಯಲ್ಲಿ, ಹಣೆಗೆ ಹೊಡೆಯುವ ಹೊಂಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ತಲೆ ತಗ್ಗಿಸಿ ನಡೆಯುತ್ತಿದ್ದವನಿಗೆ ಬೆನ್ನ ಹಿಂದೆ ಸಣ್ಣದೊಂದು ಏದುಸಿರು ಕೇಳಿಸಿತು. ತಿರುಗಿ ನೋಡಿದರೆ ಒಂದು ಬಡಕಲು ಬೀದಿನಾಯಿ! ಅವನು ನಿಂತರೆ ನಿಲ್ಲುತ್ತಿತ್ತು, ನಡೆದರೆ ನಡೆಯುತ್ತಿತ್ತು. ರಸ್ತೆಯ ಅಷ್ಟಗಲದ ಬೆಳಕಿನಲ್ಲಿ ಅವನ ನೀಳವಾದ ನೆರಳೊಂದನ್ನೇ ಆರಿಸಿಕೊಂಡು, ಅದರ ಅಂಚು ಮೀರದಂತೆ ಹಿಂಬಾಲಿಸುತ್ತಿತ್ತು. ನಕ್ಷೆಗಾರ ನಡುರಸ್ತೆಯಲ್ಲಿ ಸ್ತಂಭೀಭೂತನಾಗಿ ನಿಂತ. ಹಿಂದಿನಿಂದ ಸೈಕಲ್ಲಿನವನೊಬ್ಬ ಗಂಟೆ ಬಾರಿಸಿ ಬೈದು ಹೋದದ್ದೂ ಅವನ ಕಿವಿಗೆ ಬೀಳಲಿಲ್ಲ... ಮರುಕ್ಷಣ ಅವನು ಮನೆಯ ಕಡೆ ಓಡುತ್ತಿದ್ದ!

“ಸಂಜೆ ಹೋಗೋಣ!” ಎಂದ, ಚಪ್ಪಲಿ ಕಳಚುವ ಮುಂಚೆಯೇ. “ಬೆಂಚು ಬೇಡ. ಸೂರ್ಯ ಸಮುದ್ರದ ಕಡೆ ಇಳಿದಿರುತ್ತಾನೆ. ಆಗ ನನ್ನ ನೆರಳೇ ಹದಿನೈದು ಅಡಿ ಕಣೇ! ಮುಂದೆ ನಾನು, ಹಿಂದೆ ನೀನು.” ನಾಯಿಯ ವೃತ್ತಾಂತವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟ.

ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. “ಅಂದ್ರೆ ನಾನು ನಾಯಿ ಥರ ನಿಮ್ಮ ಬಾಲ ಹಿಡ್ಕೊಂಡು ಬರಬೇಕು?”

“ಅಯ್ಯೋ, ಹಾಗಲ್ಲ...”

“ಅಷ್ಟು ದೂರ ಹೋಗಿ ನಿಮ್ಮ ಬೆನ್ನು ನೋಡೋದಾ? ಹದಿನೇಳು ವರ್ಷದಿಂದ ನೋಡಿದೀನಿ. ಅದರಲ್ಲಿ ವಿಶೇಷ ಏನೂ ಇಲ್ಲ.”

“ಬೆನ್ನಲ್ಲ” ಎಂದ ಅವನು. ಇದನ್ನು ಅವನು ದಾರಿಯಲ್ಲಿ ಯೋಚಿಸಿರಲಿಲ್ಲ. ಆ ಗಳಿಗೆಯಲ್ಲೇ ಮಾತು ಎದೆಯಿಂದ ಎದ್ದು ಬಂತು. “ನಾನು ಹಿಮ್ಮುಖವಾಗಿ ನಡೀತೀನಿ. ನಿನ್ನ ಕಡೆ ಮುಖ ಮಾಡಿಕೊಂಡು. ನಾನು ಮರೆಮಾಡೋದು ಸೂರ್ಯನೊಬ್ಬನನ್ನ ಮಾತ್ರ. ಸಮುದ್ರ ನನ್ನ ಎರಡೂ ಭುಜದ ಆಚೆ ಅಷ್ಟಗಲ ಇರುತ್ತಲ್ಲ. ಸ್ಕೇಲಿನ ಹಿಂದೆ ಸಮುದ್ರ ಬಚ್ಚಿಡೋಕಾಗುತ್ತೇನೇ?”

ಅವನು ಬರವಣಿಗೆಯ ಮೇಜಿನ ದೀಪವನ್ನು ತಂದು ಹಜಾರದ ಪಡುವಣ ತುದಿಯಲ್ಲಿ, ಸ್ಟೂಲಿನ ಮೇಲೆ ಹೊತ್ತಿಸಿಟ್ಟ. ಉಳಿದ ದೀಪಗಳನ್ನು ಆರಿಸಿದ. ಸಂಜೆಗಪ್ಪು ತುಂಬಿದ ಆ ಹಜಾರ, ಹನ್ನೆರಡು ಹೆಜ್ಜೆಯ ಆ ಬಡ ಹಜಾರ, ಹೊಂಬಣ್ಣದ ಮರಳ ತಡಿಯಾಯಿತು! ಅವನು ದೀಪಕ್ಕೆ ಬೆನ್ನು ಮಾಡಿ ನಿಂತ. ಅವಳು, ಸಂದೇಹಿಸುತ್ತಲೇ, ಅವನ ನೆರಳಿನೊಳಕ್ಕೆ ಬಂದಳು.

“ಸಾಲೋದಿಲ್ಲ” ಎಂದ ಅವನು, ನೆರಳಿನ ಅಂಚನ್ನು ನೋಡುತ್ತ. “ದೀಪದ ನೆರಳು ಹಿಗ್ಗುತ್ತೆ, ಸೂರ್ಯನ ನೆರಳು ಹಿಗ್ಗೋದಿಲ್ಲ. ನಾನು ಎಷ್ಟಗಲವೋ ಅಷ್ಟೇ.”

“ನಾನು ನಿಮ್ಮ ಎರಡರಷ್ಟಿದೀನಿ. ಒಂದು ತೋಳು ಮನೇಲೇ ಬಿಟ್ಟು ಬರಲಾ?”

ಅವನು ಗೂಟದಲ್ಲಿದ್ದ ಅವಳ ಶಾಲನ್ನು ಎಳೆದು ಬೆನ್ನಿಗೆ ಹೊದ್ದು, ಎರಡು ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಮೊಳಕೈಗಳನ್ನು ಅಗಲಿಸಿ ನಿಂತ. ಅವಳು ನೋಡಿದಳು. ತುಟಿ ಕಚ್ಚಿ ತಡೆಯಲು ನೋಡಿದಳು... ಆಗಲಿಲ್ಲ!

“ಬೆದರುಬೊಂಬೆ! ಗದ್ದೆ ಬಿಟ್ಟು ಸಮುದ್ರಕ್ಕೆ ಹೊರಟ ಬೆದರುಬೊಂಬೆ!” ನಾಲ್ಕು ವರ್ಷ ಪುಸ್ತಕಾಲಯದ ಮೌನದಲ್ಲಿ ಮಡಿಸಿಟ್ಟಿದ್ದ ಆ ಮೈದಾನದ ನಗೆ, ಬೇಸಗೆಯ ಮೊದಲ ಮಳೆ ತಗಡಿನ ಮೇಲೆ ಬಿದ್ದಂತೆ, ಹಜಾರದ ತುಂಬ ಸುರಿಯಿತು. ನಗುನಗುತ್ತಲೇ ಅವಳು ಥಟ್ಟನೆ ನಿಂತಳು. “ಅಲ್ಲಿ ಭಾನುವಾರ ಜನಜಾತ್ರೆ ಇರುತ್ತೆ ರೀ. ಎಲ್ಲಾರೂ ನಿಮ್ಮನ್ನೇ ನೋಡ್ತಾರೆ. ಫೋಟೋದಲ್ಲೇ ನಿಲ್ಲದವರು ನೀವು...”

“ನೋಡಲಿ” ಎಂದ ನಕ್ಷೆಗಾರ. ಕೈ ಇಳಿಸಲಿಲ್ಲ. “ನಾಲ್ಕು ವರ್ಷ ನಿನ್ನೊಬ್ಬಳನ್ನೇ ನೋಡಿದರು. ನಾನು ಎರಡು ಹೆಜ್ಜೆ ಹಿಂದೆ ಬರ್ತಿದ್ದೆ... ನಿನ್ನ ಕೊಡೆ ಹಿಡಿಯೋಕೂ ಆಗದೆ. ಅದು ನನಗೆ ಗೊತ್ತು.”

ದೀಪದ ಬತ್ತಿಯಷ್ಟು ನಿಶ್ಚಲವಾಗಿ ಅವಳು ಅವನನ್ನು ನೋಡಿದಳು.

“ನೀವು ಇದುವರೆಗೂ ಸಮುದ್ರ ನೋಡೇ ಇಲ್ಲ” ಎಂದಳು ಕೊನೆಗೆ. “ಮೊದಲ ಸಲ ಹೋಗಿ ಅದಕ್ಕೆ ಬೆನ್ನು ತೋರಿಸ್ತೀರಾ?”

“ಸೂರ್ಯ ಮುಳುಗೋವರೆಗೆ ತಾನೆ? ಅಲ್ಲೀವರೆಗೆ ನೀನು ನೋಡ್ತಿರು, ನಾನು ನಿನ್ನ ನೋಡ್ತಿರ್ತೀನಿ. ಹೇಗಿದೆ ಅಂತ ನಿನ್ನ ಮುಖ ನೋಡಿದರೆ ತಿಳಿಯಲ್ಲವಾ?”

ಅವನು ಒಂದು ಹೆಜ್ಜೆ ಹಿಂದಿಟ್ಟ. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಇನ್ನೊಂದು... ಮತ್ತೊಂದು... ನೆರಳು ಇಬ್ಬರಿಗೂ ಸಾಲಬೇಕಾದರೆ ಹತ್ತಿರ ಬರಲೇಬೇಕಿತ್ತು. ಹತ್ತಿರ ಬಂದಷ್ಟೂ ಹೆಜ್ಜೆ ಹೊಂದಲೇಬೇಕಿತ್ತು. ಐದನೆಯ ಹೆಜ್ಜೆಗೆ ಅವನು ಎಡವಿದ. ಅವಳು ಎರಡೂ ಮೊಳಕೈ ಹಿಡಿದು ನಿಲ್ಲಿಸಿ, ಹಿಂದಿನ ಶಿಕ್ಷಕಿಯ ಗತ್ತಿನಲ್ಲಿ ಗದರಿದಳು: “ಹಿಮ್ಮಡಿ ಎತ್ತಿ ಇಡಿ! ಮರಳಲ್ಲಿ ಎಳೆದರೆ ಬೀಳ್ತೀರಿ. ಎಣಿಸ್ತೀನಿ, ಅದರ ಜೊತೆ ನಡೀರಿ. ಒಂದು... ಎರಡು...”

ಹಜಾರದ ಉದ್ದಕ್ಕೂ ಅವರು ಏಳು ಸಲ ನಡೆದರು. ಏಳನೆಯ ಸಲ ದೀಪದ ಬಳಿ ತಲುಪಿದಾಗ ಅವಳು ಅವನ ಕೈಗಳನ್ನು ಬಿಡಲಿಲ್ಲ.

“ವಾಪಸು ಬರೋ ರೈಲು ಐದೂ ಹತ್ತಕ್ಕೆ ಅಂತ ಬರೆದಿದೀರಲ್ಲ. ಆಮೇಲಿನದು ಯಾವುದು?”

“ಎಂಟಕ್ಕಿದೆ. ಊರು ಸೇರೋದು ಸೋಮವಾರ ಬೆಳಗ್ಗೆ. ಅರ್ಧ ದಿನ ರಜೆ ಹಾಕ್ತೀನಿ.”

“ಅದರಲ್ಲೇ ಬರೋಣ” ಎಂದಳು ಅವಳು. “ಒಂದಿಡೀ ದಿನ ಹಾಕಿ. ಮರಳಲ್ಲಿ ಹಿಂದೆ ಹಿಂದೆ ನಡೆದು ಅಭ್ಯಾಸ ಇಲ್ಲ ನಿಮಗೆ. ಸೋಮವಾರ ಕಾಲು ಏಳೋದಿಲ್ಲ.”

ಒಬ್ಬರ ನೋವನ್ನು ಮತ್ತೊಬ್ಬರು ಹೊರಲಾಗುವುದಿಲ್ಲ, ಸಹೃದಯರೇ. ಅದು ಅವರವರ ಚರ್ಮಕ್ಕೇ ಅಂಟಿ ಬಂದದ್ದು. ವೈದ್ಯವೂ ಗಣಿತವೂ ಎಷ್ಟು ದೂರ ಬಂದಾವು? ಉಗ್ರಾಣದ ಗೋಡೆಯವರೆಗೆ... ಆದರೆ ಆ ನೋವು ಬೀದಿಗಿಳಿದು ನಾಲ್ಕು ಜನರ ಕಣ್ಣಿಗೆ ಬೀಳುವಾಗ, ಜೊತೆಯಲ್ಲಿ ನಗೆಪಾಟಲಾಗಲು ಒಪ್ಪುವ ಒಂದು ಜೀವ ಎದುರಿಗಿದ್ದರೆ, ಬಯಲು ಅಷ್ಟು ಬಯಲಾಗಿ ತೋರುವುದಿಲ್ಲ. ಆ ಭಾನುವಾರ ಮೋಡ ಕವಿಯಿತೋ ಬಿಸಿಲು ಹೊಡೆಯಿತೋ, ಮರಳಿನಲ್ಲಿ ಅವನು ಎಷ್ಟು ಸಲ ಬಿದ್ದನೋ, ಕೇಳಬೇಡಿ. ಮನುಷ್ಯ ಮನುಷ್ಯನಿಗೆ ಕೊಡಬಹುದಾದ ನೆರಳು ಬಹಳ ಕಿರಿದು, ಒಂದು ಮೈಯಷ್ಟೇ ಅಗಲ. ಅದರೊಳಗೆ ನಿಲ್ಲಬೇಕಾದವರು ತೀರ ಹತ್ತಿರ ಬರಬೇಕಾಗುತ್ತದೆ... ಆ ಕಿರಿದುತನವೇ ಅದರ ಕರುಣೆ!