ಪ್ಲಾಸ್ಟರ್ ಬಿಸಿಯಾಗುವವರೆಗೆ

ಸೊಂಟದಿಂದ ಕೆಳಗೆ ಮರಗಟ್ಟಿತ್ತು. ಕಿವಿ ಮಾತ್ರ ಚುರುಕಾಗಿತ್ತು. ಹಸಿರು ಪರದೆಯ ಆಚೆ ತನ್ನ ಮೊಣಕಾಲನ್ನು ಬಿಚ್ಚಿಟ್ಟಿದ್ದಾರೆ ಎಂದು ಹಲ್ಲಕ್ಕನಿಗೆ ಗೊತ್ತಿತ್ತು. ಮೂವತ್ತು ವರ್ಷ ಕಟ್ಟುಹಲ್ಲು ಮಾಡಿದವಳಿಗೆ ಆ ಹೆಸರೇ ನಿಂತುಬಿಟ್ಟಿತ್ತು.

ನಾಲ್ಕು ವಾರದ ಹಿಂದೆ ಹಾಕಿದ ಕೃತಕ ಕೀಲಿಗೆ ಸೋಂಕು ತಗುಲಿತ್ತು. ಇಂಜೆಕ್ಷನ್‌ಗೆ ಅದೇಕೆ ಬಗ್ಗುತ್ತಿಲ್ಲ ಎಂದು ಅವಳು ಕೇಳಿದ್ದಳು.

"ಬ್ಯಾಕ್ಟೀರಿಯಾ ಲೋಹದ ಮೇಲೆ ಲೋಳೆ ಹೊದ್ಕೊಂಡು ಕೂತಿವೆ ಅಮ್ಮ. ರಕ್ತದಲ್ಲಿ ಹೋಗೋ ಔಷಧಿ ಸಾಲಲ್ಲ," ಎಂದಿದ್ದರು ಸರ್ಜನ್.

"ಕಟ್ಟುಹಲ್ಲಿನ ಮೇಲೂ ಹಾಗೇ ಕೂರುತ್ತೆ. ಬಾಯಿ ಮುಕ್ಕಳಿಸಿದ್ರೆ ಹೋಗಲ್ಲ, ಉಜ್ಜಬೇಕು."

"ಉಜ್ಜೇ ಉಜ್ತೀವಿ. ಉಳಿದದ್ದಕ್ಕೆ ಔಷಧಿ ಕಲಸಿದ, ನಿಧಾನಕ್ಕೆ ಕರಗೋ ಪ್ಲಾಸ್ಟರ್ ಮಣಿಗಳನ್ನ ಅಲ್ಲೇ ಇಡ್ತೀವಿ. ಅದೂ ಕೈಕೊಟ್ರೆ ಕೀಲೇ ತೆಗೀಬೇಕು. ತಿಂಗಳುಗಟ್ಟಲೆ ನಿಲ್ಲೋ ಹಾಗಿಲ್ಲ."

ಅವಳದು ನಿಂತು ಮಾಡುವ ಕೆಲಸ. ಆದರೂ ಹಲ್ಲಿನ ಅಚ್ಚಿಗೆ ದಿನಾ ಪ್ಲಾಸ್ಟರ್ ಕಲಸುವವಳು, ಆ ಹೆಸರು ಕೇಳಿದ್ದೇ ಅವಳ ತಲೆ ಅತ್ತ ಓಡಿತ್ತು. ಯಾವ ಹದಕ್ಕೆ ಕಲಸುತ್ತಾರೆ?

ಈಗ ಬ್ರಷ್ಷಿನ ಸದ್ದು ನಿಂತಿತು. ಬಟ್ಟಲಲ್ಲಿ ಚಮಚ ತಿರುಗಿತು. ನರ್ಸ್ ಆ ಮುದ್ದೆಯನ್ನು ರಬ್ಬರ್ ಹಾಳೆಯ ಗುಳಿಗಳಿಗೆ ತುಂಬಿದಳು. ಗಟ್ಟಿಯಾಗಲೆಂದು ಕಾದರು.

"ಸರ್, ಹನ್ನೆರಡು ನಿಮಿಷ ಆಯ್ತು. ಇನ್ನೂ ಮೆತ್ತಗಿದೆ."

"ಇನ್ನೊಂದು ಪ್ಯಾಕೆಟ್ ಒಡಿ."

"ಬಂದಿದ್ದೇ ಒಂದು ಸರ್."

"ಸರಿ, ಬಿಸಾಕು. ಮಣಿ ಇಲ್ಲದೇ ಹೊಲಿಯೋಣ."

"ಬಿಸಾಕಬೇಡಿ!" ಪರದೆಯ ಈಚೆಯಿಂದ ಹಲ್ಲಕ್ಕ ಕೂಗಿದಳು.

"ನೀವು ಮಲಗಿಲ್ವಾ?" ಸರ್ಜನ್ ಬೆಚ್ಚಿದರು.

"ಪಕ್ಕದಲ್ಲಿ ಪ್ಲಾಸ್ಟರ್ ಕಲಸ್ತಿದ್ರೆ ನನಗೆಲ್ಲಿ ನಿದ್ದೆ? ಅದಕ್ಕೆ ಏನು ಹಾಕಿದೆ ತಂಗಿ?"

"ಎರಡು ಔಷಧಿ ಅಕ್ಕ. ಒಂದು ಪುಡಿ, ಒಂದು ನೀರಾಗಿರೋದು."

"ಮತ್ತೆ ತಡ ಆಗದೇ ಇರುತ್ತಾ? ರೂಮಲ್ಲಿ ಚಳಿ ಬೇರೆ ಕೊರೀತಿದೆ. ಮುಟ್ಟಿ ನೋಡು, ಬಿಸಿ ಬಂದಿದೆಯಾ?"

"ಇಲ್ಲ, ತಣ್ಣಗಿದೆ."

"ಹಾಗಾದ್ರೆ ಕೆಟ್ಟಿಲ್ಲ, ಇನ್ನೂ ಶುರುವೇ ಆಗಿಲ್ಲ. ಪ್ಲಾಸ್ಟರ್ ಗಟ್ಟಿಯಾಗೋವಾಗ ಬಿಸಿ ಬರುತ್ತೆ. ಬಿಸಿ ಬಂದು ಆರಿದ ಮೇಲೂ ಮೆತ್ತಗಿದ್ರೆ ಬಿಸಾಕು. ಅಲ್ಲೀತನಕ ಚುಚ್ಚಿ ಚುಚ್ಚಿ ನೋಡಬೇಡ."

"ಎಷ್ಟು ಹೊತ್ತಮ್ಮ?" ಎಂದರು ಸರ್ಜನ್.

"ಹತ್ತು ನಿಮಿಷ ಕೊಡಿ. ಕಾಲು ನಂದೇ ತಾನೆ?"

ಯಾರೋ ಮಾಸ್ಕಿನೊಳಗೆ ನಕ್ಕರು. ಸರ್ಜನ್ ನಗಲಿಲ್ಲ, ಆದರೆ ಕಾದರು. ಎಂಟನೇ ನಿಮಿಷಕ್ಕೆ ನರ್ಸ್, "ಬಿಸಿ ಬಂತು!" ಎಂದಳು. ಇನ್ನಷ್ಟು ಹೊತ್ತಾದ ಮೇಲೆ ಹಾಳೆ ಬಗ್ಗಿಸಿದಾಗ ಮಣಿಗಳು ಸ್ಟೀಲ್ ತಟ್ಟೆಗೆ ಟಣಟಣ ಉದುರಿದವು. ಗಟ್ಟಿ ಮಾಲು ಎಂದು ಹಲ್ಲಕ್ಕನಿಗೆ ಸದ್ದಿನಲ್ಲೇ ತಿಳಿಯಿತು.

ಕೀಲಿನ ಸುತ್ತ ಇಟ್ಟು ಉಳಿದ ಒಂದು ಮಣಿಯನ್ನು ಕೇಳಿ ಮನೆಗೆ ತಂದಳು. ಗಾಜಿನ ಲೋಟದಲ್ಲಿಟ್ಟು ದಿನಾ ನೀರು ಬದಲಿಸಿದಳು.

"ಏನಕ್ಕಾ, ಎಲ್ಲರೂ ಮೀನು ಸಾಕಿದ್ರೆ ನೀನು ಮಣಿ ಸಾಕ್ತೀಯಲ್ಲ?" ಎಂದ ತಮ್ಮ.

"ಒಳಗಿರೋದು ಕಾಣಲ್ವಲ್ಲೋ. ಇದನ್ನಾದ್ರೂ ನೋಡ್ತೀನಿ."

ಎರಡು ವಾರ ಗಾಯದಿಂದ ನೀರು ಜಿನುಗಿತು. ಮಣಿ ಕರಗುವಾಗ ಹಾಗಾಗುವುದುಂಟು ಎಂದರು ಸರ್ಜನ್. ಅವಳು ಪೂರ್ತಿ ನಂಬಲಿಲ್ಲ. ಮೂರನೇ ವಾರ ಗಾಯ ಒಣಗಿತು. ಆರನೇ ವಾರ ಲೋಟದಲ್ಲಿ ಬರೀ ನೀರು ಉಳಿಯಿತು. ರಕ್ತಪರೀಕ್ಷೆಯೂ ಸರಿ ಬಂತು.

"ಗುಣ ಆಯ್ತಾ?"

"ಒಂದು ವರ್ಷ ನೋಡಬೇಕಮ್ಮ. ಲೋಳೆಯನ್ನ ನಂಬೋಕಾಗಲ್ಲ. ಮೊಣಕಾಲು ಬಿಸಿಯಾದ್ರೆ ತಕ್ಷಣ ಬನ್ನಿ."

ಅಂದಿನಿಂದ ಬೆಳಿಗ್ಗೆ ಎದ್ದೊಡನೆ ಕೈಯ ಹಿಂಬದಿಯನ್ನು ಒಂದೊಂದೇ ಮೊಣಕಾಲಿಗೆ ಒತ್ತಿ ನೋಡುತ್ತಾಳೆ. ಇವತ್ತೂ ಎರಡೂ ಒಂದೇ ಸಮ ತಣ್ಣಗಿದ್ದವು. ಎದ್ದು ನಿಂತು ಪ್ಲಾಸ್ಟರ್ ಡಬ್ಬಿಯ ಮುಚ್ಚಳ ತೆಗೆದಳು.