ಮೂವತ್ತೆಂಟಕ್ಕೆ ನಿಲ್ಲಿಸುತ್ತೇನೆ

ಅಮ್ಮ ತೀರಿಕೊಂಡ ಮೇಲೆ ಪಾತ್ರೆ, ಗಡಿಯಾರ, ಕನ್ನಡಿ ಎಲ್ಲ ಅಕ್ಕನ ಮನೆಗೆ ಹೋದವು. ನನಗೆ ಕೋಟು ಬಂತು. ಮೊಣಕಾಲಿನವರೆಗೆ ಇಳಿಯುವ ಬೂದು ಉಣ್ಣೆಯ ಕೋಟು, ಮೂರು ದೊಡ್ಡ ಗುಂಡಿ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತಷ್ಟು ವರ್ಷವೂ ಚಳಿಗಾಲಕ್ಕೆ ಅಮ್ಮನಿಗೆ ಅದೊಂದೇ. ಅದನ್ನು ಹೊಲಿದವರು ನನಗೆ ಕತ್ತರಿ ಹಿಡಿಯಲು ಕಲಿಸಿದ ಮೇಷ್ಟ್ರು.

"ನೀನು ಟೈಲರ್ ಅಲ್ವಾ, ಪಕ್ಕ ಹಿಡಿದು ಚಿಕ್ಕದು ಮಾಡ್ಕೊಂಡು ಹಾಕ್ಕೋ" ಎಂದಳು ಅಕ್ಕ.

ಹಾಕಿಕೊಂಡು ನೋಡಿದೆ. ಮೊಳೆಗೆ ನೇತುಹಾಕಿದ ಹಾಗಿತ್ತು. ಅಮ್ಮ ನನ್ನನ್ನು ಕರೆಯುತ್ತಿದ್ದದ್ದೇ ಕಡ್ಡಿ ಎಂದು. ಅವಳೋ ಬಾಗಿಲಲ್ಲಿ ನಿಂತರೆ ಬಾಗಿಲು ತುಂಬುತ್ತಿತ್ತು, ನಾನು ಅವಳಿಗೆ ಒರಗಿಕೊಂಡರೆ ಪೂರ್ತಿ ಒರಗಿಕೊಳ್ಳಬಹುದಿತ್ತು. ಮೂರು ಸಲ ಕತ್ತರಿ ಎತ್ತಿದೆ, ಮೂರು ಸಲವೂ ಕೈ ಬರಲಿಲ್ಲ. ಊರವರ ಬಟ್ಟೆಯನ್ನೆಲ್ಲ ಅವರವರ ಮೈಗೆ ಸರಿಮಾಡಿಕೊಡುವವಳು ನಾನು, ಇದೊಂದು ಬಟ್ಟೆಗೆ ನನ್ನ ಮೈಯನ್ನೇ ಸರಿಮಾಡಿಕೊಳ್ಳೋಣ ಅನ್ನಿಸಿತು. ಕೇಳಿದವರು ನಗಬಹುದು, ನನಗಂತೂ ನಗು ಬಂದಿರಲಿಲ್ಲ.

ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವರು. ವಿಷಯ ಹೇಳಿದಾಗ ಬೈಯಲಿಲ್ಲ. "ಲಿಫ್ಟ್ ಒಳಗೆ ಎಷ್ಟು ಜನ ಅಂತ ಬರೆದಿರುತ್ತೆ. ನೀನೂ ಎಲ್ಲಿಗೆ ನಿಲ್ಲಿಸ್ತೀಯ ಅಂತ ಬರಿ" ಎಂದರು.

ಕೋಟಿನ ಸೊಂಟ ಅಳೆದು ಲೆಕ್ಕ ಹಾಕಿದೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಬೀರುವಿನ ಬಾಗಿಲ ಒಳಗಡೆ ಬರೆದೆ: ಮೂವತ್ತೆಂಟಕ್ಕೆ ನಿಲ್ಲಿಸುತ್ತೇನೆ. ಆಗ ನನ್ನ ಸೊಂಟ ಇಪ್ಪತ್ತೆಂಟು. ಪ್ರತಿ ಭಾನುವಾರ ಟೇಪು ಸುತ್ತಿ, ತಾರೀಕಿನ ಜೊತೆ ಅಳತೆಯನ್ನು ಅದರ ಕೆಳಗೆ ಬರೆಯುತ್ತ ಹೋದೆ.

ತಿಂದೆ. ಬ್ರೆಡ್ಡಿಗೆ ದಪ್ಪಗೆ ಬೆಣ್ಣೆ, ಹಾಲಿಗೆ ಬಾಳೆಹಣ್ಣು, ಊಟವಾದ ಮೇಲೆ ಇನ್ನೊಂದು ಊಟ. ಸುಳ್ಳೇಕೆ ಹೇಳಲಿ, ಖುಷಿಯಾಗುತ್ತಿತ್ತು. ತೋಳು ತುಂಬಿಕೊಂಡಿತು. ಬಸ್ಸಿನಲ್ಲಿ ನನ್ನ ಪಾಲಿನ ಸೀಟು ನನ್ನದೇ ಆಯಿತು, ಪಕ್ಕದವರು ಸರಿದು ಕೂರತೊಡಗಿದರು. ಕೆನ್ನೆ ಮುಟ್ಟಿಕೊಂಡರೆ ಅಮ್ಮನ ಕೆನ್ನೆ ಕೈಗೆ ಸಿಕ್ಕ ಹಾಗಾಗುತ್ತಿತ್ತು. ಅದೇ ಹೊತ್ತಿಗೆ ಹಿಂಸೆಯೂ ಆಗುತ್ತಿತ್ತು. ಬೆಣ್ಣೆಯ ವಾಸನೆ ತಡೆಯದೆ ಮೂಗು ಮುಚ್ಚಿಕೊಂಡು ಬಾಯಿಗೆ ತುರುಕುತ್ತಿದ್ದೆ. ಅಂಗಡಿ ಮೊದಲನೇ ಮಹಡಿಯಲ್ಲಿದೆ. ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಂದು, ಬೀಗ ತೆಗೆಯುವ ಮುಂಚೆ ಗೋಡೆ ಹಿಡಿದು ನಿಲ್ಲುತ್ತಿದ್ದೆ.

ಗಿರಾಕಿಯೊಬ್ಬಳು ಕಣ್ಣು ಮಿಟುಕಿಸಿ, "ಏನಾದ್ರೂ ವಿಶೇಷನಾ?" ಎಂದಳು.

"ಕೋಟು" ಎಂದೆ. ಅವಳಿಗೆ ಅರ್ಥವಾಗಲಿಲ್ಲ.

ಎಂಟನೇ ತಿಂಗಳಿಗೆ ಮೂವತ್ತೆಂಟು ಬಂತು. ಮೂರೂ ಗುಂಡಿ ಹಾಕಿದರೆ ಕೋಟು ಮೈಗೆ ಸರಿಯಾಗಿ ಕೂತಿತು. ನಿಲ್ಲಿಸಬೇಕಿತ್ತು. ಆದರೆ ನಿಂತಾಗ ಚೆನ್ನಾಗಿದ್ದದ್ದು ಕೂತರೆ ಬೆನ್ನಲ್ಲಿ ಸಡಿಲವಾಗಿ ಸುಕ್ಕಾಗುತ್ತಿತ್ತು. ಅಮ್ಮನ ಬೆನ್ನಲ್ಲಿ ಸುಕ್ಕಿರಲಿಲ್ಲ. ಒಂದು ಭಾನುವಾರ ಅಂಗೈಯಿಂದ ಮೂವತ್ತೆಂಟನ್ನು ಒರೆಸಿ ನಲವತ್ತು ಎಂದು ಬರೆದೆ. ಸಂಜೆ ಗಂಡನ ಕಣ್ಣಿಗೆ ಬಿತ್ತು.

"ಲಿಫ್ಟಲ್ಲಿ ಬೋರ್ಡು ಬದಲಾಯಿಸಿದ್ರೆ ಹಗ್ಗ ಗಟ್ಟಿಯಾಗಲ್ಲ" ಎಂದರು.

"ನಿಮಗೇನು ಗೊತ್ತಾಗುತ್ತೆ?"

"ಗೊತ್ತಾಗಲ್ಲ. ನಿನ್ನ ಏದುಸಿರು ಮಾತ್ರ ಕೇಳಿಸುತ್ತೆ."

ಎರಡು ದಿನ ಮುಖ ಊದಿಸಿಕೊಂಡಿದ್ದೆ. ಮೂರನೇ ದಿನ ಅವರ ಮಾತೇ ನಿಜ ಅನ್ನಿಸಿತು. ನನ್ನ ಮೈಗೆ ಸಾಕಾಗಿತ್ತು. ಬೆನ್ನಲ್ಲಿ ಅರ್ಧ ಇಂಚು ಹಿಡಿದುಬಿಡೋಣ, ಕತ್ತರಿ ಹಾಕದೆ ಒಳಗಡೆಯೇ ಒಂದು ಹೊಲಿಗೆ ಹಾಕಿದರೆ ಅಮ್ಮನಿಗೆ ಮೋಸವಾಗುವುದಿಲ್ಲ ಎಂದುಕೊಂಡು, ಅಂಗಡಿಯ ಕಿಟಕಿ ಪಕ್ಕ ಕೂತು ಕೋಟಿನ ಲೈನಿಂಗ್ ಬಿಚ್ಚಿದೆ.

ಬೇರೆಯವರ ಬಟ್ಟೆಯಾದರೆ ಒಳಮಗ್ಗುಲು ನೋಡದೆ ಟೇಪು ಕೂಡ ಮುಟ್ಟುವುದಿಲ್ಲ ನಾನು. ಇದು ಮೇಷ್ಟ್ರ ಕೆಲಸ, ನೋಡುವುದೇನಿದೆ ಎಂದು ಎಂಟು ತಿಂಗಳು ಸುಮ್ಮನಿದ್ದೆ.

ಮುಂದೆ ಸಡಿಲಿಸಬೇಕಾದರೆ ಇರಲಿ ಎಂದು ಮೇಷ್ಟ್ರು ಯಾವಾಗಲೂ ಒಳಗೆ ಧಾರಾಳವಾಗಿ ಬಟ್ಟೆ ಬಿಡುತ್ತಿದ್ದರು. ಇಲ್ಲಿ ಬಿಟ್ಟದ್ದೇನೂ ಉಳಿದಿರಲಿಲ್ಲ. ಎರಡು ಪಕ್ಕ, ಬೆನ್ನು, ಮೂರೂ ಕಡೆ ಅಂಚಿನವರೆಗೆ ಬಿಚ್ಚಿ ಕೈಯಿಂದ ಹೊಲಿದಿತ್ತು. ದಪ್ಪ ಕಪ್ಪು ದಾರ, ಒಂದು ಉದ್ದ ಒಂದು ಗಿಡ್ಡ ಹೊಲಿಗೆ. ಅಮ್ಮ ಪಾರ್ಸೆಲ್ ಚೀಲ ಹೊಲಿಯುತ್ತಿದ್ದದ್ದು ಹಾಗೆಯೇ. ಅದರ ಒಳಗಡೆ ಇನ್ನೊಂದು ಸಾಲು ಸೂಜಿಯ ತೂತು, ಅದಕ್ಕೂ ಒಳಗೆ ಮೇಷ್ಟ್ರ ಮಿಷಿನ್ನಿನ ನೇರವಾದ ಸಾಲು. ಅಮ್ಮ ಎರಡು ಸಲ ಕೋಟು ಸಡಿಲಿಸಿದ್ದಳು.

ಅಕ್ಕನಿಗೆ ಫೋನು ಮಾಡಿದೆ.

"ಕೋಟು ಯಾವಾಗ ಬಿಚ್ಚಿದ್ದು ಅಮ್ಮ?"

ಅಕ್ಕ ಹೇಳಿದಳು. "ಕಡೇ ವರ್ಷ. ಮೈಯೆಲ್ಲ ನೀರು ತುಂಬಿಕೊಳ್ತಿತ್ತು. ನನ್ ಕೈಲೇ ದಾರ ತರಿಸಿದ್ಲು. ಕಡ್ಡಿಗೆ ಹೇಳ್ಬೇಡ, ಅವಳ ಕೈಗೆ ಕೋಟು ಕೊಟ್ರೆ ಎಷ್ಟು ಊದಿದೀನಿ ಅಂತ ಇಂಚಿನ ಲೆಕ್ಕದಲ್ಲಿ ಗೊತ್ತಾಗಿಬಿಡುತ್ತೆ ಅಂದ್ಲು."

"ನಾನು ದಪ್ಪ ಆಗ್ತಿರೋದು ನೋಡಿಯೂ ಹೇಳಲಿಲ್ಲ ನೀನು."

"ಕೋಟಿಗೋಸ್ಕರ ಅಂತ ನನಗೇನು ಗೊತ್ತು? ಚೆನ್ನಾಗಿ ಊಟ ಮಾಡ್ತಿದೀಯ ಅಂತ ಸಮಾಧಾನ ಆಗಿತ್ತು ನನಗೆ."

ಆ ವರ್ಷ ಅಮ್ಮ ವಾರಕ್ಕೊಮ್ಮೆ ಇದೇ ಮೆಟ್ಟಿಲು ಹತ್ತಿ, ಇದೇ ಕೋಟು ಹಾಕಿಕೊಂಡು ನನ್ನ ಎದುರಿಗೆ ಕೂರುತ್ತಿದ್ದಳು. ಬರುತ್ತಿದ್ದ ಹಾಗೆ ಅವಳಿಗೂ ಏದುಸಿರು. ನಾನು ಟೈಲರು, ದಾರಿಯಲ್ಲಿ ಹೋಗುವವರ ಸೊಂಟವನ್ನು ಕಣ್ಣಲ್ಲೇ ಅಳೆಯುವವಳು. ಅಮ್ಮನನ್ನು ಅಳೆಯಲಿಲ್ಲ. ಬಾಗಿಲು ತುಂಬುತ್ತಿದ್ದ ಅಮ್ಮ ಎಂದು ನಾನು ಎದೆಯಲ್ಲಿಟ್ಟುಕೊಂಡದ್ದು ಅವಳ ಕಾಯಿಲೆಯನ್ನು. ನಾಚಿಕೆಯಿಂದ ಮೈ ಹಿಡಿಯಾಯಿತು.

ಕಪ್ಪು ದಾರವನ್ನೆಲ್ಲ ಬಿಡಿಸಿ, ಮೇಷ್ಟ್ರ ತೂತಿನ ಸಾಲಿನ ಮೇಲೆಯೇ ಮತ್ತೆ ಹೊಲಿದೆ. ಸಂಜೆಯಾಯಿತು. ಅಳೆದು ಲೆಕ್ಕ ಹಾಕಿದೆ. ಅಮ್ಮನ ನಿಜವಾದ ಸೊಂಟ ಮೂವತ್ತನಾಲ್ಕು.

ಮನೆಗೆ ಬಂದು ಹಾಕಿಕೊಂಡೆ. ಒಂದು ಗುಂಡಿಯೂ ಕೂಡಲಿಲ್ಲ. ಗಂಡ ಹಿಂದೆ ಬಂದು ನಿಂತರು. ಬೀರು ತೆಗೆದು ಸೀಮೆಸುಣ್ಣದ ಪಟ್ಟಿಯ ಮೇಲೆ ಬೆರಳಿಟ್ಟು ಕೆಳಗಿಳಿಯುತ್ತ ಬಂದೆ. ಮೂವತ್ತನಾಲ್ಕು ಒಂದೇ ಒಂದು ಭಾನುವಾರ ಇತ್ತು, ಐದನೇ ತಿಂಗಳಲ್ಲಿ. ಆ ದಿನ ನೆನಪಿದೆ. ಇನ್ನೂ ಕಡ್ಡಿಯಾಗಿಯೇ ಇದ್ದೇನೆ ಎಂದು ಅತ್ತು, ಟೇಪನ್ನು ಮೂಲೆಗೆ ಎಸೆದು, ಹಸಿವಿಲ್ಲದಿದ್ದರೂ ಒಂದಿಡೀ ಬ್ರೆಡ್ಡು ತಿಂದಿದ್ದೆ.

"ಯಾಕೆ, ಏನಿದೆ ಅಲ್ಲಿ?" ಎಂದರು ಗಂಡ.

"ಇಲ್ಲಿ, ಈ ಒಂದು ವಾರ ನಾನು ಅಮ್ಮನಷ್ಟಿದ್ದೆ ರೀ" ಎಂದೆ.