ಹೊಲಿದು ನೋಡದೆ ಕೊಡಲ್ಲ

ನನ್ನನ್ನು ಎಲ್ಲರೂ ಪಾದರಸ ಎನ್ನುತ್ತಾರೆ. ಅಕ್ಕ ಇಟ್ಟ ಹೆಸರು. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ, ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂಬುದು ಅವಳ ದೂರು. ದೂರು ಸುಳ್ಳೇನಲ್ಲ. ಅಂಗಿ ಹೊಲಿಯುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ಕಾಲರ್ ಹೊಲಿದಿದ್ದೇನೆ. ಅಷ್ಟು ವರ್ಷದಲ್ಲಿ ಒಂದು ದಿನವಾದರೂ ಆ ಸ್ಟೂಲಿನ ಮೇಲೆ ಮನಸ್ಸಿಟ್ಟು ಕೂತವಳಲ್ಲ. ಕೈ ಕಾಲರಿನ ಮೇಲಿದ್ದರೆ ತಲೆ ಭಾನುವಾರದಲ್ಲಿ ಇರುತ್ತಿತ್ತು.

ಭಾನುವಾರ ನಾನು ರೆಕಾರ್ಡ್ ಕೆರೆಯುತ್ತೇನೆ. ಕೆರೆಯುವುದು ಎಂದರೆ ನಕ್ಕುಬಿಡುವವರೇ ಹೆಚ್ಚು, ಹಾಗಾಗಿ ಬಿಡಿಸಿ ಹೇಳುತ್ತೇನೆ. ತಿರುಗುತ್ತಿರುವ ರೆಕಾರ್ಡನ್ನು ಎಡಗೈಯಿಂದ ಹಿಡಿದು ಹಿಂದೆ ಮುಂದೆ ಎಳೆಯಬೇಕು. ಆಗ ಮುಳ್ಳು ಒಂದು ಸದ್ದು ಹೊರಡಿಸುತ್ತದೆ. ಬಲಗೈ ಫೇಡರ್ ಎಂಬ ಜಾರುವ ಗುಂಡಿಯ ಮೇಲಿರುತ್ತದೆ. ಅದನ್ನು ಸರಿಸಿ ಸದ್ದನ್ನು ತೆರೆಯಬೇಕು, ಮುಚ್ಚಬೇಕು, ಕತ್ತರಿಸಬೇಕು. ಎರಡು ಕೈ ಒಂದಾದರೆ ಸಂಗೀತ. ಆಗದಿದ್ದರೆ ಅಕ್ಕ ಕೆಳಗಿನ ಮನೆಯಿಂದ ಕೂಗುವಂತೆ, "ಯಾರಾದ್ರೂ ಬಾಗಿಲು ತೆಗೀರಪ್ಪ, ಬೆಕ್ಕು ಕೆರೀತಾ ಇದೆ."

ರೆಕಾರ್ಡ್ ತಿರುಗಿಸುವ ನನ್ನ ಟರ್ನ್‌ಟೇಬಲ್ ಕೈಯಲ್ಲಿ ಹಿಡಿದುಕೊಂಡು ಹೋಗುವಂಥ ಪೆಟ್ಟಿಗೆ, ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಬ್ಯಾಟರಿಯಲ್ಲಿ ಓಡುತ್ತದೆ. ಅದನ್ನು ಮಾಡಿದವರು ಯಾರೋ ಮಂಚದ ಮೇಲೆ ಮಲಗಿ ಹಾಡು ಕೇಳಲಿ ಎಂದು ಮಾಡಿದ್ದು. ನಾನು ಅದರ ಹೊಟ್ಟೆ ಬಗೆದೆ. ಹಾಡು ಮುಗಿದ ಕೂಡಲೇ ಮೋಟರು ತಾನೇ ನಿಲ್ಲುವ ಸ್ವಿಚ್ಚನ್ನು ಕಿತ್ತೆಸೆದೆ. ಮುಳ್ಳು ಹಾರದಿರಲಿ ಎಂದು ಅದರ ತೋಳಿನ ತುದಿಗೆ ದಾರ ಸುತ್ತುವ ಒಂದು ಖಾಲಿ ಬಾಬಿನ್ ಅಂಟಿಸಿ ಭಾರ ಹೆಚ್ಚಿಸಿದೆ. ರೆಕಾರ್ಡ್ ಹಿಡಿದರೂ ಕೆಳಗಿನ ತಟ್ಟೆ ತಿರುಗುತ್ತಲೇ ಇರಲಿ ಎಂದು ಕೋಟಿನ ಒಳಗೆ ಹಾಕುವ ನುಣುಪು ಲೈನಿಂಗ್ ಬಟ್ಟೆಯನ್ನು ದುಂಡಗೆ ಕತ್ತರಿಸಿ ನಡುವೆ ಹಾಸಿದೆ. ಬಲಗಡೆ ಮೂಲೆ ಕೊರೆದು ಫೇಡರ್ ಕೂರಿಸಿದೆ. ಇಷ್ಟಕ್ಕೆ ಎರಡು ವರ್ಷ ಹಿಡಿಯಿತು. ನಾನು ಎರಡು ವರ್ಷ ಬೆನ್ನು ಹತ್ತಿದ ಕೆಲಸ ಅದೊಂದೇ.

ನೀರಿನ ಟ್ಯಾಂಕಿನ ಕೆಳಗೆ ನಾವು ಐದು ಜನ ಭಾನುವಾರ ಮಧ್ಯಾಹ್ನ ಸೇರುತ್ತೇವೆ. ಐದು ಸ್ಟೂಲು, ಐದು ಪೆಟ್ಟಿಗೆ, ನಡುವೆ ತಾಳ ಹಾಕುವ ಒಂದು ಸ್ಪೀಕರ್. ಒಬ್ಬೊಬ್ಬರಿಗೂ ಎಂಟು ಸುತ್ತು ತಾಳ, ಆಮೇಲೆ ಪಕ್ಕದವರಿಗೆ. ಹೀಗೆ ಎರಡು ಬಾರಿ. ನನ್ನ ಸರದಿ ಬಂದಾಗ ನಾನು ಯಾವಾಗಲೂ ಒಂದೇ ರೀತಿ ಶುರುಮಾಡುತ್ತೇನೆ: ಮೂರು ಗಿಡ್ಡ, ಒಂದು ಉದ್ದ, ಎರಡು ಗಿಡ್ಡ. ಅದು ಕೇಳಿದರೆ ಕಣ್ಣು ಮುಚ್ಚಿಕೊಂಡವರಿಗೂ ನಾನೇ ಎಂದು ಗೊತ್ತು. ನಮ್ಮ ಗುಂಪಿನ ಹಿರಿಯ ಒಬ್ಬ ಕ್ಷೌರಿಕ. ಅವನು ಅದಕ್ಕೆ ನನ್ನ ರುಜು ಎನ್ನುತ್ತಾನೆ.

ಗುಂಪಿಗೆ ಒಂದು ನಿಯಮವಿದೆ. ಸತತ ಮೂರು ಭಾನುವಾರ ನುಡಿಸದವರ ಸ್ಟೂಲು ಕಾಯುತ್ತಿರುವವರಿಗೆ ಹೋಗುತ್ತದೆ. ಈ ನಿಯಮ ಮಾಡಿದ ಪುಣ್ಯಾತ್ಗಿತ್ತಿ ನಾನೇ. ಚಹಾ ಕುಡಿಯಲಷ್ಟೇ ಬರುತ್ತಿದ್ದ ಒಬ್ಬನನ್ನು ಓಡಿಸಲು ಮಾಡಿದ್ದೆ. ಬಂದು ಕೂತರೆ ಸಾಲದು, ಎಂಟು ಸುತ್ತು ಪೂರ್ತಿ ನುಡಿಸಲೇಬೇಕು ಎಂದು ಸೇರಿಸಿದ್ದೂ ನಾನೇ. ಕ್ಷೌರಿಕ ಆಗಲೇ ಹೇಳಿದ್ದ, "ಯಾಕಿಷ್ಟು ಬಿಗಿ ಮಾಡ್ತೀಯ, ನಾಳೆ ನಿನಗೇ ಬರಬಹುದು." ನಾನು ಕೇಳಲಿಲ್ಲ.

ಬಂದೇ ಬಂತು. ಒಂದು ಬುಧವಾರ ಕಾಲರ್ ಹೊಲಿಯುತ್ತ, ಮನಸ್ಸಿನಲ್ಲಿ ತಾಳ ಎಣಿಸುತ್ತ, ಬಲಗೈಯ ತೋರುಬೆರಳನ್ನು ಬಟ್ಟೆಯ ಜೊತೆ ಸೂಜಿಯ ಕೆಳಗೆ ಕಳಿಸಿಬಿಟ್ಟೆ. ಸೂಜಿ ಗೆಣ್ಣಿನ ಮೂಲಕ ಹಾದುಹೋಯಿತು. ಯಂತ್ರದ್ದೇನೂ ತಪ್ಪಿಲ್ಲ, ಪಾದರಸದ್ದೇ ತಪ್ಪು. ಡಾಕ್ಟರು ಎರಡು ಸಲ ನೋಡಿ, "ಗಾಯ ಮಾಯುತ್ತೆ, ಬೆರಳು ಮಾತ್ರ ಮೊದಲಿನ ಹಾಗೆ ಬಗ್ಗಲ್ಲಮ್ಮ" ಎಂದರು. ಕಾರ್ಖಾನೆಯಲ್ಲಿ ನನ್ನನ್ನು ಯಂತ್ರದಿಂದ ಎಬ್ಬಿಸಿ ದಾರ ಕತ್ತರಿಸುವ ಮೇಜಿಗೆ ಹಾಕಿದರು. ಅದಕ್ಕೆ ನನಗೆ ಬೇಸರವಾಗಲಿಲ್ಲ. ಫೇಡರ್ ಸರಿಸುವ ಬೆರಳೂ ಅದೇ ಎನ್ನುವುದಕ್ಕೆ ಅತ್ತೆ.

ಎರಡು ಭಾನುವಾರ ಕಳೆದವು. ಕೈ ಬದಲಿಸಿ ನೋಡಿದೆ, ಎಡಗೈಯಲ್ಲಿ ಅಕ್ಷರ ಬರೆದ ಹಾಗಾಯಿತು. ನಡುಬೆರಳಲ್ಲಿ, ಹೆಬ್ಬೆರಳಲ್ಲಿ ನೋಡಿದೆ, ಮೊಣಕೈಯಲ್ಲಿ ನೋಡಿದೆ, ಕೊನೆಗೆ ಗದ್ದ ಊರಿಯೂ ನೋಡಿದೆ. ಅದೇ ಹೊತ್ತಿಗೆ ಅಕ್ಕ ಮೇಲೆ ಬಂದಳು. ನನ್ನ ಗದ್ದ ಪೆಟ್ಟಿಗೆಯ ಮೇಲಿತ್ತು.

"ಇದನ್ನ ಮೂಸಿ ನೋಡ್ತಾ ಇದ್ದೀಯಾ?" ಎಂದಳು. ನಗಲು ಹೋದವಳು ನನ್ನ ಮುಖ ನೋಡಿ ಹಾಗೇ ಹಿಂದೆ ತಿರುಗಿದಳು. ಹೋಗುವಾಗ, "ನಿಮ್ಮ ಭಾವನ ಹತ್ರ ಒಂದ್ಸಲ ಕೇಳು" ಎಂದಳು.

ಭಾವ ನಮ್ಮ ಕಾರ್ಖಾನೆಯಲ್ಲೇ ಹೊಲಿಗೆ ಯಂತ್ರಗಳ ಮೆಕ್ಯಾನಿಕ್. ನಾನು ಎಷ್ಟು ಪಾದರಸವೋ ಅವರು ಅಷ್ಟು ಸೀಸ. ಒಂದು ಸ್ಕ್ರೂ ಬಿಚ್ಚುವ ಮೊದಲು ಅದರ ಮುಖ ಹತ್ತು ಸಲ ನೋಡುತ್ತಾರೆ. ರಿಪೇರಿಯಾದ ಯಂತ್ರದಲ್ಲಿ ತಾವೇ ಒಂದು ಚಿಂದಿಯ ಮೇಲೆ ಹೊಲಿಗೆ ಹಾಕಿ, ಆ ಚಿಂದಿಯನ್ನು ಯಂತ್ರಕ್ಕೆ ಕಟ್ಟಿಯೇ ಕೊಡುತ್ತಾರೆ. ಸೂಪರ್‌ವೈಸರ್ ತಲೆಯ ಮೇಲೆ ಬಂದು ನಿಂತರೂ ಅವರದು ಒಂದೇ ಮಾತು: "ಹೊಲಿದು ನೋಡದೆ ಕೊಡಲ್ಲ."

ಸೋಮವಾರ ಪೆಟ್ಟಿಗೆಯನ್ನು ಅವರ ಮುಂದಿಟ್ಟು ಎಲ್ಲ ಹೇಳಿದೆ. ಅವರು ಫೇಡರನ್ನು ಅತ್ತಿತ್ತ ಸರಿಸಿದರು. ಆಮೇಲೆ ನನ್ನ ಬೆರಳು ನೋಡಿದರು, ಆಮೇಲೆ ನನ್ನ ಕಾಲು.

"ಮೊಣಕಾಲು ಸರಿಯಾಗಿದೆಯಲ್ಲ?"

"ಮೊಣಕಾಲಿಗೇನಾಗಿದೆ ಭಾವ?"

"ಅದಕ್ಕೇ ಕೇಳಿದ್ದು. ಯಂತ್ರದ ಕೆಳಗೆ ಮೊಣಕಾಲಿಂದ ಒತ್ತೋ ಲಿವರ್ ಇರುತ್ತಲ್ಲ, ಅಂಥದೊಂದು ಹಾಕ್ತೀನಿ. ಕೈಗೆ ಬದಲು ಕಾಲು."

ನನಗೆ ಕುಣಿಯುವಂತಾಯಿತು. "ಭಾನುವಾರಕ್ಕೆ ಬೇಕೇ ಬೇಕು. ಇಲ್ಲದಿದ್ರೆ ನನ್ನ ಸ್ಟೂಲು ಹೋಗುತ್ತೆ" ಎಂದೆ. ಅವರು ಹ್ಞೂಂ ಎಂದರು. ಅದಕ್ಕಿಂತ ಹೆಚ್ಚು ಮಾತು ಅವರಿಂದ ಯಾರೂ ತೆಗೆಸಿಲ್ಲ.

ಆ ವಾರ ನಾನು ಬದುಕಿದ ರೀತಿ ದೇವರಿಗೇ ಪ್ರೀತಿ. ದಾರ ಕತ್ತರಿಸುವ ಮೇಜಿನ ಕಾಲಿಗೆ ಮೊಣಕಾಲು ಒತ್ತಿ ಒತ್ತಿ ಅಭ್ಯಾಸ ಮಾಡಿದೆ: ಒತ್ತಿದರೆ ಸದ್ದು, ಬಿಟ್ಟರೆ ಮೌನ. ಎದುರಿಗೆ ಕೂತವಳು, "ಮೇಜು ಯಾಕಮ್ಮ ನಡುಗುತ್ತೆ?" ಎಂದು ಮೂರು ಸಲ ಬಗ್ಗಿ ನೋಡಿದಳು. ದಿನಕ್ಕೆ ನಾಲ್ಕು ಸಲ ಭಾವನ ಕೊಠಡಿಗೆ ಇಣುಕಿದೆ. ಬುಧವಾರ ಪೆಟ್ಟಿಗೆ ಬಿಚ್ಚಿಕೊಂಡು ಬಿದ್ದಿತ್ತು. ಗುರುವಾರವೂ ಹಾಗೇ ಬಿದ್ದಿತ್ತು. ಶುಕ್ರವಾರ ಸೈಕಲ್ ಬ್ರೇಕಿನ ತಂತಿ ಒಂದು ಕಂಡಿತು. ಶನಿವಾರ ಅದನ್ನು ಕಿತ್ತು ಮತ್ತೆ ಹಾಕುತ್ತಿದ್ದರು.

"ಆಯ್ತಲ್ಲ ಭಾವ, ಕೊಡಿ."

"ಆಗಿದೆ. ಆದ್ರೆ ಇದರಲ್ಲಿ ಹೊಲಿದು ನೋಡೋದು ಹೇಗೆ ಅಂತ ಯೋಚಿಸ್ತಾ ಇದ್ದೀನಿ."

"ಅಯ್ಯೋ, ಇದರಲ್ಲಿ ಹೊಲಿಯೋಕೇನಿದೆ?"

"ಅದೇ" ಎಂದರು ಶಾಂತವಾಗಿ. ನನಗೆ ತಲೆ ಚಿಟ್ಟು ಹಿಡಿದು ಬಾಗಿಲು ಜೋರಾಗಿ ಎಳೆದುಕೊಂಡು ಬಂದೆ.

ಭಾನುವಾರ ಹನ್ನೆರಡು ದಾಟಿದ ಮೇಲೆ ಪೆಟ್ಟಿಗೆ ನನ್ನ ಕೈಗೆ ಬಂತು. ಮಡಿಸುವ ಕಾಲುಗಳಿದ್ದ ಒಂದು ಪುಟ್ಟ ಮೇಜಿನ ಮೇಲೆ ಪೆಟ್ಟಿಗೆ ಕೂತಿತ್ತು. ಮೇಜಿನ ಕೆಳಗೆ ನಮ್ಮ ಯಂತ್ರಗಳಲ್ಲಿ ಇರುವಂಥದೇ ಲಿವರ್, ಮೊಣಕಾಲಿಗೆ ತಾಗುವಲ್ಲಿ ಹತ್ತಿ ತುಂಬಿ ಹೊಲಿದ ಮೆತ್ತೆ. ಅಲ್ಲಿಂದ ಬ್ರೇಕ್ ತಂತಿ ಮೇಲೆ ಹೋಗಿ ಫೇಡರನ್ನು ಹಿಡಿದಿತ್ತು. ಹಿಡಿಕೆಗೆ ಎಂದಿನಂತೆ ಒಂದು ಚಿಂದಿ ಕಟ್ಟಿದ್ದರು.

"ಕೂತು ಒಂದ್ಸಲ ನೋಡ್ಬಿಟ್ಟು ಹೋಗು" ಎಂದರು.

"ಬಸ್ಸು ತಪ್ಪುತ್ತೆ" ಎಂದೆ. ಚಿಂದಿಯನ್ನು ಕಿತ್ತು ಚೀಲಕ್ಕೆ ತುರುಕಿಕೊಂಡು ಓಡಿದೆ. ಭಾವ ಹಿಂದಿನಿಂದ ಏನೋ ಹೇಳಿದರು. ನಿಂತು ಕೇಳುವ ಜಾಯಮಾನ ನನ್ನದಲ್ಲ.

ಟ್ಯಾಂಕಿನ ಕೆಳಗೆ ನಾಲ್ವರೂ ಬಂದಿದ್ದರು. ನನ್ನ ಸ್ಟೂಲಿಗಾಗಿ ಕಾಯುತ್ತಿದ್ದ ನರ್ಸು ತನ್ನ ಪೆಟ್ಟಿಗೆ ಹಿಡಿದು ಕಂಬಕ್ಕೆ ಒರಗಿ ನಿಂತಿದ್ದಳು. ಒಳ್ಳೆಯ ಹುಡುಗಿ, ಚೆನ್ನಾಗಿ ನುಡಿಸುತ್ತಾಳೆ, ಅದೇ ಕಾರಣಕ್ಕೆ ಅವಳನ್ನು ಕಂಡರೆ ನನಗೆ ಉರಿಯುತ್ತಿತ್ತು. ಕ್ಷೌರಿಕ ತಾಳ ಹಾಕಿದ. ಸರದಿ ಸುತ್ತಿ ಕೊನೆಗೆ ನನ್ನ ಬಳಿ ಬಂತು.

ರೆಕಾರ್ಡ್ ಎಳೆದೆ, ಮೊಣಕಾಲು ಒತ್ತಿದೆ. ಸದ್ದಿಲ್ಲ. ಬಿಟ್ಟೆ. ಕರ್ರೆಂದಿತು. ಮತ್ತೆ ಒತ್ತಿದೆ, ಮತ್ತೆ ಮೌನ. ಬೇಕಾದಲ್ಲಿ ಸದ್ದಿಲ್ಲ, ಬೇಡದ ಕಡೆಯೆಲ್ಲ ಕರ್ಕಶ. ಭಾವ ಎಲ್ಲವನ್ನೂ ತಿರುಗಾಮುರುಗಾ ಜೋಡಿಸಿದ್ದರು. ಎಂಟು ಸುತ್ತು ಹೇಗೆ ಕಳೆಯಿತೋ ಗೊತ್ತಿಲ್ಲ. ಅರ್ಧದಲ್ಲಿ ಕೈ ನಿಂತೇಹೋಯಿತು. ಯಾರೂ ನನ್ನ ಮುಖ ನೋಡಲಿಲ್ಲ.

"ಕೈ ಇನ್ನೂ ಪೂರ್ತಿ ಸರಿಹೋಗಿಲ್ಲ" ಎಂದ ಕ್ಷೌರಿಕ ಮೆಲ್ಲಗೆ. "ಪರವಾಗಿಲ್ಲ ಬಿಡು. ನಿಯಮ ಅಂತ ಇದ್ರೂ…"

"ನಿಯಮ ನಿಯಮವೇ" ಎಂದೆ. "ಇನ್ನೊಂದು ಸರದಿ ಇದೆಯಲ್ಲ." ಅವನ ಕನಿಕರ ನನಗೆ ಸೂಜಿಗಿಂತ ಆಳಕ್ಕೆ ಇಳಿಯಿತು.

ನಾಲ್ವರ ಸರದಿ ಮುಗಿಯುವಷ್ಟು ಹೊತ್ತು ಮಾತ್ರ ನನ್ನ ಕೈಯಲ್ಲಿತ್ತು. ಪೆಟ್ಟಿಗೆ ಬಿಚ್ಚಿ ಫೇಡರಿನ ಎರಡು ವೈರು ಅದಲುಬದಲು ಮಾಡಿದರೆ ಸರಿಹೋಗುತ್ತದೆ, ಆದರೆ ಸ್ಕ್ರೂಡ್ರೈವರ್ ಭಾವನ ಮೇಜಿನ ಮೇಲಿದೆ. ಉಗುರಿನಿಂದ ತಿರುಗಿಸಿ ನೋಡಿದೆ, ಉಗುರು ಮುರಿಯಿತು. ಮನಸ್ಸಿನಲ್ಲಿ ಭಾವನನ್ನು ಬಾಯಿಗೆ ಬಂದಂತೆ ಬೈದೆ. ಒತ್ತಿದರೆ ಎಲ್ಲಾ ನಿಂತುಹೋಗುವುದು ಎಂದರೇನು, ಇದೇನು ಕಾಲರ್ ಹೊಲಿಯುವ ಯಂತ್ರವೇ?

ಬೈದು ಮುಗಿಸುವಷ್ಟರಲ್ಲಿ ನನ್ನ ಮಾತು ನನಗೇ ಕೇಳಿಸಿತು.

ಹೊಲಿಗೆ ಯಂತ್ರದಲ್ಲಿ ಮೊಣಕಾಲು ಒತ್ತಿದರೆ ಬಟ್ಟೆಯನ್ನು ಅದುಮಿಕೊಂಡಿರುವ ಪಾದ ಮೇಲೇಳುತ್ತದೆ. ಹೊಲಿಗೆ ನಿಲ್ಲುತ್ತದೆ. ಕಾಲರಿನ ಮೂಲೆಗೆ ಬಂದಾಗ ಒತ್ತುತ್ತೇವೆ, ಬಟ್ಟೆ ತಿರುಗಿಸುತ್ತೇವೆ, ಬಿಡುತ್ತೇವೆ, ಹೊಲಿಗೆ ಮುಂದುವರಿಯುತ್ತದೆ. ಒಂದು ಕಾಲರಿಗೆ ಎರಡು ಮೂಲೆ, ದಿನಕ್ಕೆ ನೂರಾರು ಕಾಲರ್, ಹನ್ನೊಂದು ವರ್ಷ. ಮೇಜಿನ ಕಾಲಿಗೆ ಒಂದು ವಾರ ಒತ್ತಿ ಕಲಿತದ್ದು ನಾನು. ನನ್ನ ಮೊಣಕಾಲಿಗೆ ಗೊತ್ತಿದ್ದದ್ದು ಬೇರೆ.

ಸರದಿ ಬಂತು. ರೆಕಾರ್ಡ್ ಎಂದುಕೊಳ್ಳಲಿಲ್ಲ, ಬಟ್ಟೆ ಎಂದುಕೊಂಡೆ. ಎಡಗೈ ಮುಂದೆ ತಳ್ಳಿತು, ಮೂಲೆ, ಮೊಣಕಾಲು ಒತ್ತಿತು, ತಿರುವು, ಬಿಟ್ಟಿತು. ಮೂರು ಗಿಡ್ಡ, ಒಂದು ಉದ್ದ, ಎರಡು ಗಿಡ್ಡ. ನಾನು ಮಾಡಿದ್ದೆಂದು ಹೇಳಲಾರೆ, ಕಾಲು ತಾನಾಗಿ ಮಾಡಿತು. ಬೆರಳು ಎಂದೂ ಕತ್ತರಿಸದಷ್ಟು ಚೊಕ್ಕವಾಗಿ ಅದು ಸದ್ದನ್ನು ಕತ್ತರಿಸಿತು. ಮೂರನೇ ಸುತ್ತಿಗೆ ವೇಗ ಹೆಚ್ಚಿಸಿದೆ, ಐದನೆಯದಕ್ಕೆ ಇನ್ನಷ್ಟು. ಎಂಟು ಮುಗಿದಾಗ ತಾಳವೊಂದೇ ಓಡುತ್ತಿತ್ತು. ಮೊದಲು ಚಪ್ಪಾಳೆ ತಟ್ಟಿದವಳು ಕಂಬಕ್ಕೆ ಒರಗಿದ್ದ ನರ್ಸು. ನನಗೆ ನಾಚಿಕೆಯಾಯಿತು.

"ರುಜು ನಿನ್ನದೇ" ಎಂದ ಕ್ಷೌರಿಕ. "ಸ್ಟೂಲು ಇಟ್ಕೋ."

ಸಂಜೆ ಮನೆಗೆ ಬಂದಾಗ ಭಾವ ಮೆಟ್ಟಿಲ ಮೇಲೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದರು. ಮುಖ ಬಾಡಿತ್ತು.

"ನಿನ್ನ ಫೇಡರ್ ಮೊದಲು ಹೇಗಿತ್ತು ಅಂತ ನೀನು ಹೋದ ಮೇಲೆ ನೆನಪಾಯ್ತು. ನಾನು ಉಲ್ಟಾ ಹಾಕಿಬಿಟ್ಟಿದ್ದೀನಿ. ಮೊಣಕಾಲು ಒತ್ತಿದ್ರೆ ನಿಲ್ಲಬೇಕು ಅನ್ನೋದೇ ನನ್ನ ತಲೇಲಿ ಕೂತಿತ್ತು. ಕೊಡು, ಐದು ನಿಮಿಷದ ಕೆಲಸ."

"ಅದನ್ನ ಮುಟ್ಟಿದ್ರೆ ನೋಡಿ ಭಾವ" ಎಂದೆ. ಆಡಿದ ರೀತಿ ಒರಟಾಯಿತು. ನಡೆದದ್ದನ್ನು ಹೇಳಿದೆ. ಅವರು ಹ್ಞೂಂ ಎಂದು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡರು.

"ಅಂತೂ ಹೊಲಿದು ನೋಡದೆ ಕೊಟ್ಟೇಬಿಟ್ರಲ್ಲ" ಎಂದು ಕೆಣಕಿದೆ.

"ಯಾರು ಹೇಳಿದ್ದು? ಚಿಂದಿ ಕಟ್ಟಿದ್ದೆನಲ್ಲ."

ಚೀಲಕ್ಕೆ ಕೈ ಹಾಕಿ ಮುದುಡಿದ ಚಿಂದಿಯನ್ನು ಹೊರಗೆಳೆದೆ. ಬಿಳಿ ಬಟ್ಟೆಯ ಮೇಲೆ ಕಪ್ಪು ದಾರದ ಒಂದು ಸಾಲು ಹೊಲಿಗೆ, ನಡುನಡುವೆ ನಿಂತು ನಿಂತು ಹೋಗಿತ್ತು. ಕೆಟ್ಟ ಯಂತ್ರದ್ದಿರಬೇಕು ಎಂದುಕೊಂಡೆ. ಆಮೇಲೆ ಬೆರಳಿಟ್ಟು ಎಣಿಸಿದೆ. ಮೂರು ಗಿಡ್ಡ, ಒಂದು ಉದ್ದ, ಎರಡು ಗಿಡ್ಡ. ಸಾಲಿನ ಕೊನೆಯವರೆಗೂ ಅದೇ, ಎಂಟು ಸಲ.

"ಇದು ನಿಮಗೆ ಹೇಗೆ ಗೊತ್ತು?"

"ನಾಲ್ಕು ವರ್ಷದಿಂದ ದಿನಾ ರಾತ್ರಿ ನಮ್ಮ ತಲೆ ಮೇಲೇ ಕೆರೀತಾ ಇದ್ದೀಯಲ್ಲಮ್ಮ" ಎಂದರು ಭಾವ. "ಮೂರು ವಾರದಿಂದ ಕೇಳಿಸ್ತಿರಲಿಲ್ಲ. ನಿಮ್ಮಕ್ಕನಿಗೆ ನಿದ್ದೆ ಬರ್ತಿಲ್ಲ."

ನಾನು ಅವರ ಪಕ್ಕದ ಮೆಟ್ಟಿಲಲ್ಲಿ ಕೂತೆ. ಅಕ್ಕ ಊಟಕ್ಕೆ ಕರೆಯುವವರೆಗೂ ಅಲ್ಲಿಂದ ಏಳಲಿಲ್ಲ.